ಕರುವಿನ ಪುಟ

"ಮುಗೀತಂತ ಅವರ ಬರದ ಮ್ಯಾಲ ಮುಗೀತು. ಆದ್ರ ಮೊದಲಿಂದ ಕಡೀತನಕಾ ಒಮ್ಮೆ ಓದಸ್ರಿ. ಹಂಗ ಅರ್ಧಕ್ಕ ಮಂಗಳ ಹಾಡಬಾರದು," ಎಂದರು ನಿಜಗುಣಪ್ಪ ಮಾಸ್ತರರು.

ಪುಣೆಯಿಂದ ಬಂದ ಪತ್ರದ ಪ್ರಿಂಟು ಟೇಬಲ್ಲಿನ ಮೇಲಿತ್ತು. ರಾಮದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿರುವ ತನ್ನ ಕಂಪ್ಯೂಟರ್ ಕ್ಲಾಸಿನಲ್ಲಿ ಶೈಲಜಾ ಅದನ್ನು ಎರಡು ಸಲ ಓದಿ ಹೇಳಿದ್ದಳು. 'ಗೋದಲಿ'ಯನ್ನು ಹುಟ್ಟುಹಾಕಿದ ಇಬ್ಬರು ಎಂಜಿನಿಯರರಲ್ಲಿ ಒಬ್ಬರಿಗೆ ಪುರುಸೊತ್ತಿಲ್ಲ, ಇನ್ನೊಬ್ಬರಿಗೆ ಮನಸ್ಸಿಲ್ಲ. ಆರು ತಿಂಗಳಿಗೊಮ್ಮೆ ಬರುತ್ತಿದ್ದ ಹೊಸ ಸಿ.ಡಿ. ಇನ್ನು ಬರುವುದಿಲ್ಲ. ಎಲ್ಲರಿಗೂ ಧನ್ಯವಾದ.

ಗೋದಲಿ ಎಂದರೆ ದನಕರುಗಳ ಬೇನೆಗೆ ಮನೆಮದ್ದು ಹೇಳುವ ಪ್ರೋಗ್ರಾಮು. ಯಾರು ಬೇಕಾದರೂ ಪುಗಸಟ್ಟೆ ತಗೊಳ್ಳಬಹುದು, ತಿದ್ದಬಹುದು, ಹಂಚಬಹುದು. ಅದರ ಕನ್ನಡದ ಪುಟಗಳನ್ನೆಲ್ಲ ತುಂಬಿದವರು ಈ ನಾಲ್ಕೇ ಜನ. ಮನೋಳಿಯ ನಿವೃತ್ತ ಮಾಸ್ತರರು, ಬೈಲಹೊಂಗಲದಲ್ಲಿ ಆರು ಎಮ್ಮೆ ಕಟ್ಟಿದ ಸಾವಿತ್ರೆವ್ವ, ಸಾಲಹಳ್ಳಿಯ ನಾಟಿ ವೈದ್ಯ ರಾಯಪ್ಪ, ಟೈಪು ಮಾಡಲು ಶೈಲಜಾ. 2002ರಿಂದ ನಾಲ್ಕು ವರ್ಷ ಸ್ವಂತ ಬಸ್‌ಚಾರ್ಜು ಹಾಕಿಕೊಂಡು ತಿಂಗಳಿಗೆರಡು ರವಿವಾರ ಬಂದವರು. ಮಾಡಿದ್ದಕ್ಕೆ ಸಿಕ್ಕ ಕೂಲಿಯೆಂದರೆ ಪ್ರತಿ ಪುಟದ ಕೆಳಗೆ ಒಂದು ಸಾಲು: 'ಹೇಳಿದವರು' ಎಂದು ಬರೆದು ಹೆಸರು, ಊರು. ಹನ್ನೊಂದು ಹಳ್ಳಿಗಳ ಹಾಲಿನ ಡೇರಿಗಳ ಕಂಪ್ಯೂಟರುಗಳಲ್ಲಿ ಆ ಹೆಸರುಗಳಿದ್ದವು. ರಾಯಪ್ಪನಂತೂ ಬೀಗರು ಬಂದರೆ ಚಹಾಕ್ಕಿಂತ ಮೊದಲು ಡೇರಿಗೆ ಕರೆದೊಯ್ದು ತನ್ನ ಹೆಸರು ತೋರಿಸುತ್ತಿದ್ದ.

ಶೈಲಜಾ ಕಂಪ್ಯೂಟರಿನಲ್ಲಿದ್ದ ಪುಟಗಳನ್ನು ಒಂದೊಂದಾಗಿ ಓದತೊಡಗಿದಳು. ಕಾಲುಬೇನೆ, ಬಾಯಿಬೇನೆ, ಕೆಚ್ಚಲು ಬಾವು. ಸಾವಿತ್ರೆವ್ವ ಹೂಂಗುಟ್ಟುತ್ತಿದ್ದಳು. ರಾಯಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಹೊಟ್ಟೆ ಉಬ್ಬರ ಬಂತು. ಎತ್ತಿಗೆ ಎಣ್ಣೆಯಲ್ಲಿ ಟರ್ಪೆಂಟೈನ್ ಬೆರೆಸಿ ಕುಡಿಸುವ ಅಳತೆ ಓದಿದಳು. ಮುಂದಿನ ಪುಟ ಕರುವಿನದು. ಅಳತೆ ಓದಿದ್ದೇ ತಡ, ರಾಯಪ್ಪ ಕಣ್ಣು ಬಿಟ್ಟ.

"ಏನಂದಿ ತಂಗಿ? ಇನ್ನೊಮ್ಮೆ ಓದು."

ಓದಿದಳು.

"ಎತ್ತಿಗಿ ಹೇಳಿದ್ದು ಕರಕ್ಕ? ಹಂಗ ಕುಡಿಸಿದ್ರ ಕರಾ ಉಳೀತೈತೇನ? ಕಾಲ ಭಾಗ ಅಂತ ಹೇಳಿದ್ನೆಲ್ಲ ನಾ!"

ಶೈಲಜಾಳಿಗೆ ನೆನಪಾಯಿತು. ಬೇಗ ಆಗಲಿ ಎಂದು ಎತ್ತಿನ ಪುಟವನ್ನೇ ನಕಲು ಮಾಡಿ, ಚಿತ್ರ ಬದಲಿಸಿ, ಅಳತೆ ತಿದ್ದಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಗಿತ್ತು. ಮರುದಿನ ಚಿತ್ರದಲ್ಲಿ ಕರು ಕಂಡಿತು, ಕೆಲಸ ಮುಗಿದಿದೆ ಅಂದುಕೊಂಡಳು.

"ನಾ ನೋಡಿದ್ನಿ," ಎಂದರು ಮಾಸ್ತರರು ಮೆಲ್ಲಗೆ. "ಜಾಸ್ತಿ ಆತಲ್ಲಾ ಅನಿಸ್ತು. ಸಾಲಹಳ್ಳಿ ಕಡೆ ಹಂಗ ಇರಬೇಕು ಬಿಡು ಅಂತ ಸುಮ್ಮನಾದೆ."

"ನಾನೂ ನೋಡೇನ್ರಿ," ಎಂದಳು ಸಾವಿತ್ರೆವ್ವ.

ಇಬ್ಬರನ್ನೂ ಬೈಯುವಂತಿರಲಿಲ್ಲ. ಮೊದಲ ವರ್ಷ ಈದ ಎಮ್ಮೆಗೆ ಬೆಲ್ಲದ ನೀರು ಯಾವಾಗ ಕೊಡಬೇಕು ಎಂಬುದರ ಮೇಲೆ ಮಾಸ್ತರರಿಗೂ ರಾಯಪ್ಪನಿಗೂ ಜಗಳವಾಗಿ ಮೂರು ತಿಂಗಳು ಮಾತು ಬಿಟ್ಟಿದ್ದರು. ಆಗ ಸಾವಿತ್ರೆವ್ವನೇ ಕಟ್ಟಳೆ ಮಾಡಿದ್ದಳು, ಒಬ್ಬರ ಊರಿನ ಔಷಧಕ್ಕೆ ಇನ್ನೊಬ್ಬರು ಕೊಂಕು ತೆಗೆಯಬಾರದು ಎಂದು. ಅಂದಿನಿಂದ ಎಲ್ಲರೂ ಎಷ್ಟು ಮರ್ಯಾದಸ್ಥರಾಗಿದ್ದರೆಂದರೆ, ಕಣ್ಣೆದುರಿನ ತಪ್ಪನ್ನೂ ಮರ್ಯಾದೆಯಿಂದ ದಾಟಿ ಹೋಗಿದ್ದರು.

ಶೈಲಜಾ ಅಲ್ಲಿಂದಲೇ ಪುಣೆಗೆ ಫೋನು ಹಚ್ಚಿದಳು. ಪತ್ರ ಬರೆದ ಎಂಜಿನಿಯರ ಒಳ್ಳೆಯ ಮಾತೇ ಆಡಿದ. ಎಲ್ಲವೂ ತೆರೆದೇ ಇದೆ, ನಿಮಗೆ ಬೇಕಾದಂತೆ ತಿದ್ದಿಕೊಳ್ಳಿ ಎಂದ. ಸಿ.ಡಿ. ಕಳಿಸುವವರು ಯಾರು ಎಂದರೆ, ಈಗ ಯಾರೂ ಇಲ್ಲ ಎಂದ. ತಿದ್ದುವುದು ಎರಡು ನಿಮಿಷದ ಕೆಲಸ. ಹನ್ನೊಂದು ಹಳ್ಳಿಯಲ್ಲಿ ಕುಳಿತ ಆ ಪುಟಕ್ಕೆ ಹೇಳುವವರಾರು? ಸುಮ್ಮನಿದ್ದರೆ ಇವಳನ್ನು ಕೇಳುವವರೂ ಇರಲಿಲ್ಲ. ಕೆಳಗಿದ್ದದ್ದು ರಾಯಪ್ಪನ ಹೆಸರು.

"ನಾ ಹೋಗತೇನ್ರಿ, ಒಂದೊಂದ ಊರಿಗಿ," ಎಂದಳು.

"ನಾನೂ ಬರತೇನಿ," ಎಂದ ರಾಯಪ್ಪ. "ಹೆಸರ ನಂದೈತಿ."

ಮರುದಿನದಿಂದಲೇ ಸಂಜೆ ಹಾಲು ಹಾಕುವ ಹೊತ್ತಿಗೆ ಸರಿಯಾಗಿ ಬಸ್ಸಿನಿಂದ ಇಳಿಯುವುದು, ಕಂಪ್ಯೂಟರಿನಲ್ಲಿ ಪುಟ ತಿದ್ದುವುದು, ಸರತಿಯಲ್ಲಿ ನಿಂತವರಿಗೆ ಇಂಥ ತಪ್ಪಾಗಿತ್ತು, ಗೋದಲಿ ಮುಗಿದಿದೆ, ಇನ್ನು ಹೊಸ ಸಿ.ಡಿ. ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದು. ಸವದತ್ತಿ, ಬೈಲಹೊಂಗಲದ ಕಡೆಯ ಊರುಗಳನ್ನು ಮಾಸ್ತರರೂ ಸಾವಿತ್ರೆವ್ವನೂ ಹಂಚಿಕೊಂಡರು. ಶೈಲಜಾ, ರಾಯಪ್ಪ ಹೋದ ಮೊದಲ ನಾಲ್ಕು ಹಳ್ಳಿಗಳಲ್ಲಿ ಯಾರೂ ಆ ಪುಟ ತೆಗೆದೇ ಇರಲಿಲ್ಲ. ನಾಲ್ಕು ವರ್ಷ ಬೆನ್ನು ಮುರಿದು ಮಾಡಿದ್ದನ್ನು ಯಾರೂ ಓದಿಲ್ಲವೆಂದು ಸಂತೋಷಪಡುವ ಗತಿ ಬಂತಲ್ಲ ಎಂದು ಶೈಲಜಾಳಿಗೆ ನಗೆ ಬಂತು.

ಐದನೆಯದು ಸುರೇಬಾನ. ಅವಳು ಹೇಳಿ ಮುಗಿಸಿದಾಗ ಸರತಿಯಲ್ಲಿದ್ದ ಒಬ್ಬ ಹೆಂಗಸು ಕೈಯಲ್ಲಿನ ಕ್ಯಾನು ಕೆಳಗಿಡದೆ ಮುಂದೆ ಬಂದಳು. ಶಟ್ಟೆವ್ವ ಎಂದು ಡೇರಿಯ ಕಾರ್ಯದರ್ಶಿ ಹೆಸರು ಹೇಳಿದ. ಹೇಳಿ ಮುಖ ಆ ಕಡೆ ತಿರುಗಿಸಿದ.

"ಯಾವ ಔಷಧಾ? ಎಣ್ಣ್ಯಾಗ ಕಲಿಸಿ ಹಾಕೂದಾ?"

"ಹೌದ್ರಿ."

"ಉಗಾದಿ ಮುಂದ ನಮ್ಮ ಕರಾ ಸತ್ತೈತಿ. ಸೆಕ್ರೆಟ್ರಿ ಓದಿ ಹೇಳಿದ್ರು, ನಾ ಕುಡಿಸಿದೆ."

ಹಾಲು ಸುರಿಯುವ ಸದ್ದು ನಿಂತಿತು. ಎಲ್ಲರ ಕಣ್ಣು ರಾಯಪ್ಪನ ಮೇಲೆ. ಮುದುಕ ಎದ್ದು ನಿಂತು ಎರಡೂ ಕೈ ಜೋಡಿಸಿದ. ಕೈ ಇಳಿಸ್ರಿ ಎನ್ನುವಂತೆ ಶೈಲಜಾ ಅವನ ಮುಂದೆ ಬಂದು ನಿಂತಳು. ಓಡಿಹೋಗಬೇಕೆನಿಸಿತ್ತು ಅವಳಿಗೆ.

"ಅಜ್ಜಾರು ಬರೋಬ್ಬರಿ ಹೇಳಿದ್ರು ಅಕ್ಕಾರ. ತಪ್ಪ ಬರದಾಕಿ ನಾನು. ನಾನಽ."

ಶಟ್ಟೆವ್ವ ಆಗ ಕ್ಯಾನು ಕೆಳಗಿಟ್ಟಳು. ಬೈದಿದ್ದರೆ ಶೈಲಜಾಳಿಗೆ ಹಗುರಾಗುತ್ತಿತ್ತು.

"ಮೂರ ತಿಂಗಳಾತು," ಎಂದಳು ಶಟ್ಟೆವ್ವ. "ನಮ್ಮತ್ತಿ, ನಮ್ಮ ಮನ್ಯಾವ್ರು, ಎಲ್ಲಾರೂ ನಂಗಽ ಅಂತಾರ. ನಿನಗ ಕುಡಿಸಾಕ ಬರಲಿಲ್ಲ, ನೀನಽ ಕೊಂದಿ ಅಂತ. ನಾನೂ ಹಂಗಽ ತಿಳಕೊಂಡೇನಿ. ರಾತ್ರಿ ಎದ್ದ ಈ ಕೈ ನೋಡಿಕೋತೇನಿ." ಅವಳು ಎರಡೂ ಅಂಗೈ ಮುಂದೆ ಚಾಚಿದಳು. "ನನ್ನ ಕೈಯಿಂದ ಅಲ್ಲಂತೀ?"

"ಅಲ್ರಿ. ನಿಮ್ಮ ಕೈಯಿಂದ ಅಲ್ಲ."

"ನಮ್ಮ ಮನಿಗಿ ಬಂದ ಹೇಳತಿಯೇನ? ನಮ್ಮತ್ತಿ ಮುಂದ?"

"ಬರತೇನ್ರಿ. ಈಗ ಬರತೇನಿ."

ಶೈಲಜಾ ಚೀಲ ಎತ್ತಿಕೊಂಡಳು. ಆದರೆ ಶಟ್ಟೆವ್ವ ಬಾಗಿಲ ಕಡೆ ತಿರುಗಲಿಲ್ಲ. ತೆರೆದೇ ಇದ್ದ ಕಂಪ್ಯೂಟರಿನ ಪರದೆಯನ್ನು ನೋಡುತ್ತಿದ್ದಳು. ಅದರಲ್ಲಿ ಕರುವಿನ ಚಿತ್ರವಿತ್ತು.

"ಇದರಾಗ ಇನ್ನೂ ಬರೀಬಹುದೇನ? ಮುಗದೈತಿ ಅಂದ್ರೆಲ್ಲ?"

"ಬರೀಬಹುದ್ರಿ."

"ಹಂಗಾರ ಕುಂಡ್ರು. ಕುಡಿಸಿದ ಮ್ಯಾಲ ಏನೇನಾತು, ನಾ ಹೇಳತೇನಿ. ಜಾಸ್ತಿ ಆದ್ರ ಹೆಂಗ ಆಕ್ಕೈತಿ ಅಂತ ಇನ್ನೊಬ್ಬಾಕಿಗಿ ಮೊದಲಽ ತಿಳೀಲಿ. ನನಗ ತಿಳೀಲಿಲ್ಲ."

ಶೈಲಜಾ ಕುಳಿತಳು. ರಾಯಪ್ಪ ಒಂದು ಹೆಜ್ಜೆ ಹಿಂದೆ ಸರಿದು ಶಟ್ಟೆವ್ವನಿಗೆ ಜಾಗ ಬಿಟ್ಟ. ಸರತಿಯಲ್ಲಿದ್ದವರು ಒಬ್ಬೊಬ್ಬರಾಗಿ ಕ್ಯಾನುಗಳನ್ನು ನೆಲಕ್ಕಿಟ್ಟರು.

"ಮೊದಲ ಕಿವಿ ತಣ್ಣಗಾದುವು," ಎಂದಳು ಶಟ್ಟೆವ್ವ. ಶೈಲಜಾ ಅದನ್ನು ಬರೆದು ಮುಗಿಸುವವರೆಗೆ ಕಾದಳು. "ಆಮ್ಯಾಲ, ನನ್ನ ಕೈ ನೆಕ್ಕೂದು ಬಿಡ್ತು."