ಅಪ್ಪನ ಕಡೆಗೆ ವಾಲಿದ ಕಾರು

ಅಪ್ಪನ ಹಳೇ ಪುಟ್ಟ ಕಾರು ಯಾವಾಗಲೂ ಡ್ರೈವರ್ ಕಡೆಗೇ ವಾಲಿರುತ್ತಿತ್ತು. ಅಪ್ಪನ ಮೈತೂಕ ಅಂಥದ್ದು. ಸ್ಟೀರಿಂಗನ್ನು ಬೇರೆ ಯಾರಿಗೂ ಮುಟ್ಟಗೊಟ್ಟವನೂ ಅಲ್ಲ. ಇವತ್ತು ಅದನ್ನು ನೆಟ್ಟಗೆ ನಿಲ್ಲಿಸಿಯೇ ತೀರಬೇಕೆಂದು ಮಗಳು ಟೊಂಕ ಕಟ್ಟಿದ್ದಳು. ಅಪ್ಪನನ್ನು ಅವನ ಸೀಟಿನಲ್ಲೇ ಕೂರಿಸಿ, ಜಾಕ್ ಏರಿಸಿ, ಆ ಬದಿ ಎತ್ತರವಾಗಲೆಂದು ಸ್ಪ್ರಿಂಗ್ ಕೆಳಗಿನ ನಟ್ಟನ್ನು ಚೂರು ಮೇಲಕ್ಕೆ ತಿರುಗಿಸುವಳು. ಮತ್ತೆ ಇಳಿಸಿ, ಸ್ಪ್ರಿಂಗ್ ಸರಿಯಾಗಿ ಕೂರಲೆಂದು ಕಾರನ್ನು ಹಿಂದೆ ಮುಂದೆ ತಳ್ಳಿ, ಚಕ್ರದಿಂದ ಮಡ್‌ಗಾರ್ಡಿಗೆ ಟೇಪು ಹಿಡಿಯುವಳು.

"ಉಸಿರು ಬಿಗಿ ಹಿಡೀಲೇನೇ?" ಅಪ್ಪ ರೇಗಿಸಿದ.

"ಅಲ್ಲಾಡದೆ ಕೂತ್ರೆ ಸಾಕಪ್ಪಾ!"

ಕೊನೆಗೂ ಎರಡೂ ಕಡೆ ಅಳತೆ ಒಂದೇ ಬಂತು. "ಅಪ್ಪಾ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ!" ಗ್ರೀಸು ಮೆತ್ತಿದ ಕೈ ಎತ್ತಿ ಅವಳು ಕುಣಿದಾಡಿದಳು.

ಅಪ್ಪ ಇಳಿದ. ಕಾರನ್ನು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಧೊಪ್ಪನೆ ಕೂತ. ಕಾರು ಆ ಕಡೆ ವಾಲಿತು.

"ಅಯ್ಯೋ, ಪಟ್ಟ ಪಾಡೆಲ್ಲ ಮಣ್ಣುಪಾಲು! ಅಲ್ಯಾಕೆ ಕೂತೆ?"

ಅಪ್ಪ ಕಾರಿನ ಕೀಯನ್ನು ಖಾಲಿಯಾದ ಡ್ರೈವರ್ ಸೀಟಿನ ಮೇಲಿಟ್ಟ. "ಇನ್ಮೇಲೆ ನನ್ನ ಜಾಗ ಇದೇ. ಅಲ್ಲಿ ನೀನು ಕೂತಾಗ ನೆಟ್ಟಗೆ ನಿಲ್ಲೋ ಹಾಗೆ ಮಾಡು."

"ಅಮ್ಮಾ, ನಟ್ ತಿರುಗಿಸೋಕೆ ಬೇಗ ಬಾ!" ಎಂದು ಕೂಗುವಷ್ಟರಲ್ಲಿ ಮಗಳು ಸ್ಟೀರಿಂಗ್ ಹಿಡಿದು ಕೂತಾಗಿತ್ತು.