ಗೌತಮನ ಪಾಸಿನಲ್ಲಿ ಒಳಹೋದ ಹನುಮೇಶ

ಕೊಪ್ಪಳದ ಕಡೆಯ ಬೇವೂರಿನಾಚೆ ಕೆಂಪಗುಡ್ಡ ಎಂಬ ಊರಿದೆ. ಅಲ್ಲಿ ಈಗ ಬೆಳಗಾಗುವುದು ಕಬ್ಬಿಣದ ಕಾರ್ಖಾನೆಯ ಸೈರನ್ನಿಗೆ. ಅಂಗಳ ಗುಡಿಸಿ ಚಹಾ ಕುಡಿಯುವಷ್ಟರಲ್ಲಿ ಮತ್ತೆ ಕರಿಧೂಳು ಕೂತಿರುತ್ತದೆ. ಕಾರ್ಖಾನೆಗೆ ಹೊಲ ಕೊಟ್ಟ ಮನೆಗಳು ಅರವತ್ತರ ಮೇಲೆ. ಹೊಲ ಬರೆಸಿಕೊಳ್ಳುವಾಗ "ಮನಿಗೊಂದು ನೌಕರಿ" ಅಂದಿದ್ದರು. ಕಾಗದದಲ್ಲಿ ಮಾತ್ರ "ತರಬೇತಿ ಪಡೆದವರಿಗೆ" ಎಂಬ ಮಾತೂ ಇತ್ತು. ಅದನ್ನು ಓದಿದವರು ಕಡಿಮೆ.

ಹಂಪವ್ವನ ಮನೆಯಲ್ಲೂ ಯಾರೂ ಆ ಕಾಗದ ಓದಿರಲಿಲ್ಲ. ಹೊಲ ಹೋದ ಮೇಲೆ ಗಂಡ ಹುಸೇನಪ್ಪ ಬೇರೆಯವರ ಕುರಿ ಕಾಯುತ್ತಿದ್ದ. ಮಗ ಹನುಮೇಶನಿಗೆ ಇಪ್ಪತ್ತೆರಡು. ಹತ್ತನೇ ತರಗತಿ ಪಾಸಾಗಿ, ಸಿಕ್ಕ ಕೂಲಿ ಮಾಡುತ್ತ, ಉಳಿದ ದಿನ ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತಿರುತ್ತಿದ್ದ. ಮಗಳು ಅನುಸೂಯಾ ಯಲಬುರ್ಗಾಕ್ಕೆ ಹೋಗಿ ಪಿಯುಸಿ ಓದುತ್ತಿದ್ದಳು.

ಒಂದು ದಿನ ಶಾಹಜಾದಬಿ ಕೈಯಲ್ಲೊಂದು ಫಾರಂ ಹಿಡಿದು ಬಂದಳು. ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವವಳು ಅವಳೇ. ಊರಿನ ಹೆಂಗಸರ ಅರ್ಜಿ, ಕಾಗದಪತ್ರ ಎಲ್ಲ ಅವಳ ಕೈಯಿಂದಲೇ ಆಗಬೇಕು.

"ಯಕ್ಕಾ, ಕಾರ್ಖಾನಿ ಕೆಲಸದ ತರಬೇತಿ ಶುರು ಮಾಡ್ಯಾರ. ಆರು ತಿಂಗಳದ್ದು. ಹೊಲ ಕೊಟ್ಟ ಮನಿಯವರಿಗೆ ಮೊದಲ ಜಾಗ ಐತಿ. ಹನುಮೇಶನ ಹೆಸರು ಬರಸು."

ಹಂಪವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಆರು ತಿಂಗಳ ಏನ್ ಕಲಸ್ತಾರಬೇ? ಅದಿರು ಹೊರಾಕ, ಕಸ ಹೊಡ್ಯಾಕ ಸಾಲಿ ಬೇಕೇನು?"

"ಅದಿರು ಹೊರೋದಲ್ಲಕ್ಕ. ಮಷಿನ್ ಕೆಲಸ, ಕರೆಂಟಿನ ಕೆಲಸ. ಜೀವ ಹೆಂಗ ಉಳಿಸ್ಕೋಬೇಕು ಅನ್ನೋದನ್ನೂ ಕಲಸ್ತಾರ. ಕಲಿಯೋ ಮುಂದ ಖರ್ಚಿಗೂ ಒಂದಿಷ್ಟು ಕೊಡ್ತಾರ."

"ಒಂದಿಷ್ಟು! ಗಂಡಸ ಮಗ ಕುಂತು ತಿನ್ನೂ ವಯಸ್ಸೇನು ಅದು? ಇಟ್ಟು ಹೋಗು, ನೋಡೂಣು."

ನೋಡುವ ಕಾಲ ಬರಲಿಲ್ಲ. ಅದೇ ವಾರ ಕಾರ್ಖಾನೆಗೆ ಕೂಲಿಯಾಳು ಒದಗಿಸುವ ಗುತ್ತಿಗೆದಾರನ ಕಡೆಯ ಮೇಸ್ತ್ರಿ ವಿರುಪಾಕ್ಷಿ ಮೋಟರ್‌ಸೈಕಲ್ ಮೇಲೆ ಬಂದ. ತರಬೇತಿ ಬೇಡ, ಅರ್ಜಿ ಬೇಡ, ನಾಳೆಯಿಂದಲೇ ಕೆಲಸ ಎಂದ. ಜೇಬಿನಿಂದ ಒಂದು ಗೇಟ್‌ಪಾಸ್ ತೆಗೆದು ಕೊಟ್ಟ. ಅದರ ಮೇಲಿನ ಫೋಟೊ ಅರ್ಧ ಅಳಿಸಿತ್ತು. ಹೆಸರು ಗೌತಮ, ವಯಸ್ಸು ಮೂವತ್ತೊಂದು, ಊರು ಕುಷ್ಟಗಿ.

"ಅವ ಕೆಲಸ ಬಿಟ್ಟು ಹೋಗ್ಯಾನ. ಹೊಸಾ ಪಾಸು ಮಾಡ್ಸಾಕ ತಿಂಗಳ ಹಿಡಿತೈತಿ. ಅಲ್ಲೀತನಾ ಇದ ಪಾಸಿನ ಮ್ಯಾಲ ಹೋಗು. ಗೇಟ್‌ನ್ಯಾಗ ಹೆಸರ ಕೇಳಿದ್ರ ಗೌತಮ ಅನ್ನು, ಸಾಕು."

ಹನುಮೇಶನಿಗೆ ನಗು ಬಂತು. ಅಂದು ಸಂಜೆ ಅನುಸೂಯಾ ಗೇಟಿನ ಕಾವಲುಗಾರನಾಗಿ "ಏನಪಾ ನಿನ್ನ ಹೆಸರು?" ಎಂದು ಕೇಳುವುದು, ಅವನು ಎದೆಯುಬ್ಬಿಸಿ "ಗೌತಮ ರೀ" ಎನ್ನುವುದು ನಡೆಯಿತು. ಹಂಪವ್ವನೂ ನಕ್ಕಳು.

ಸುದ್ದಿ ತಿಳಿದು ಶಾಹಜಾದಬಿ ಓಡಿ ಬಂದಳು. "ಬ್ಯಾಡ ಯಕ್ಕಾ. ಇನ್ನೊಬ್ಬರ ಹೆಸರಿನ ಮ್ಯಾಲ ಒಳಗ ಹೋದಾವ ಯಾರ ಲೆಕ್ಕಕ್ಕೂ ಬರಂಗಿಲ್ಲ. ನಾಳೆ ಹೆಚ್ಚುಕಮ್ಮಿ ಆದ್ರ ಯಾರನ್ನ ಕೇಳ್ತಿ?"

ಹಂಪವ್ವನಿಗೆ ಸಿಟ್ಟು ಬಂತು. "ಛಲೋದು ಆಗೂ ಹೊತ್ತಿನ್ಯಾಗ ಅಪಶಕುನ ನುಡೀಬ್ಯಾಡ. ನಿನ್ನ ಮಗ ಆಗಿದ್ರ ಕಳಸ್ತಿದ್ದಿಲ್ಲೇನು?"

"ನನ್ನ ಮಗ ಆಗಿದ್ರ ಪಾಸು ಹರಿದು ಒಲಿಗೆ ಹಾಕ್ತಿದ್ದೆ," ಎಂದು ಶಾಹಜಾದಬಿ ಹೊರಟುಹೋದಳು.

ಮೂರು ತಿಂಗಳು ಏನೂ ಆಗಲಿಲ್ಲ. ಹೊಸ ಪಾಸೂ ಬರಲಿಲ್ಲ. ಹನುಮೇಶ ಕೇಳಿದಾಗಲೆಲ್ಲ ವಿರುಪಾಕ್ಷಿ "ಬರತೈತಿ ಬಿಡೋ" ಎನ್ನುತ್ತಿದ್ದ. ಅದಿರು ಸಾಗಿಸುವ ಉದ್ದನೆಯ ಬೆಲ್ಟಿನ ಪಕ್ಕದಲ್ಲಿ ಅವನ ಕೆಲಸ. ಕೆಳಗೆ ಬಿದ್ದ ಅದಿರನ್ನು ಸಲಿಕೆಯಿಂದ ಎತ್ತಿ ಮೇಲೆ ಹಾಕಬೇಕು. ಹಾಗೆ ಮಾಡು ಎಂದು ಹೇಳಿದರೇ ಹೊರತು ಮತ್ತೇನನ್ನೂ ಯಾರೂ ಹೇಳಿಕೊಡಲಿಲ್ಲ.

ಆ ಮಂಗಳವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಹುಸೇನಪ್ಪನ ಫೋನು ರಿಂಗಾಯಿತು. "ನಿಮ್ಮ ಹುಡುಗಗ ಪೆಟ್ಟಾಗೈತಿ, ದೊಡ್ಡ ದವಾಖಾನಿಗೆ ಬರ್ರಿ," ಎಂದಷ್ಟೇ ಹೇಳಿ ವಿರುಪಾಕ್ಷಿ ಫೋನು ಇಟ್ಟ. ಆಮೇಲೆ ಆ ನಂಬರು ಸ್ವಿಚ್‌ಆಫ್.

ಗಂಡ ಹೆಂಡತಿ ದವಾಖಾನೆಗೆ ಹೋಗಿ ಹನುಮೇಶನ ಹೆಸರು ಹೇಳಿದರು. ಕೌಂಟರಿನವನು ದಪ್ಪ ಪುಸ್ತಕದ ಮೇಲೆ ಬೆರಳಾಡಿಸಿದ. "ಹನುಮೇಶ ಅನ್ನೋರು ಯಾರೂ ಬಂದಿಲ್ಲರೀ."

ಹಂಪವ್ವನಿಗೆ ಹೋದ ಜೀವ ಬಂದಂತಾಯಿತು. ಬಂದಿಲ್ಲ ಅಂದರೆ ಮಗನಿಗೆ ಏನೂ ಆಗಿಲ್ಲ. ಗಂಡನ ತೋಳು ಹಿಡಿದು "ನಡ್ರಿ, ಮನಿಗೆ ಹೋಗೂಣು. ಅವ ಮನ್ಯಾಗ ಇದ್ದಾನು," ಎಂದಳು.

ಕೌಂಟರಿನವನು ಹಿಂದಿನಿಂದ ಕರೆದ. "ಕಾರ್ಖಾನಿಯಿಂದ ಒಬ್ಬ ಬಂದಾನ. ಬರೋ ಮುಂದನ ಜೀವ ಇದ್ದಿಲ್ಲ. ಗೌತಮ ಅಂತೈತಿ. ಕುಷ್ಟಗಿಯಾಂವ. ನಿಮ್ಮವನಲ್ಲಲ್ಲ?"

"ಎಲ್ಲಿ ಇಟ್ಟೀರಿ? ತೋರಸ್ರಿ," ಎಂದಳು ಹಂಪವ್ವ.

ಬೆಲ್ಟಿನ ಉರುಳೆಯಲ್ಲಿ ಗಟ್ಟಿ ಅದಿರು ಸಿಕ್ಕಿಕೊಂಡಿತ್ತಂತೆ. ತೆಗೆಯಲು ಹೋದ ಹನುಮೇಶನ ಅಂಗಿಯ ತೋಳು ಒಳಗೆ ಸಿಕ್ಕಿತಂತೆ. ಇದಿಷ್ಟನ್ನು ಜೊತೆಗಿದ್ದ ಕೂಲಿಯೊಬ್ಬ ಹೇಳಿದ. ಹೇಳಿ, ತನ್ನ ಹೆಸರು ಹೇಳಬೇಡಿ ಎಂದು ಕೈಮುಗಿದ.

ಮುಖ ನೋಡಿ, ಇವ ನನ್ನ ಮಗ ಎಂದು ತಾಯಿ ಚೀರಿದರೂ ಹೆಣ ಕೊಡಲಿಲ್ಲ. ಪೊಲೀಸರಿಗೂ ಬೇರೆ ದಾರಿಯಿರಲಿಲ್ಲ. "ಯವ್ವಾ, ಕಾಗದದಾಗ ಗೌತಮ ಅಂತೈತಿ. ಗೌತಮನ ಮನಿಯವರು ಬರಬೇಕು, ಇಲ್ಲಂದ್ರ ಇವ ಗೌತಮ ಅಲ್ಲಂತ ಸಾಬೀತು ಆಗಬೇಕು," ಎಂದರು. ಹೆತ್ತವಳು ತನ್ನ ಮಗನನ್ನು ತನ್ನ ಮಗನೆಂದು ಸಾಬೀತು ಮಾಡಬೇಕಾಯಿತು.

ಶಾಹಜಾದಬಿ ಬಸ್ಸು ಹತ್ತಿ ಬಂದಳು. ಹನುಮೇಶನ ಆಧಾರ್, ಶಾಲೆಯ ಸರ್ಟಿಫಿಕೇಟು, ರೇಷನ್ ಕಾರ್ಡು ಎಲ್ಲ ಅವಳ ಚೀಲದಲ್ಲಿದ್ದವು. ಹಿಂದೆ ಆಡಿದ ಮಾತಿನ ಸುದ್ದಿ ಅವಳು ತೆಗೆಯಲಿಲ್ಲ. ಮರುದಿನ ಕುಷ್ಟಗಿಯಿಂದ ಗೌತಮನನ್ನೇ ಕರೆಸಿದರು. ಬಡಪಾಯಿ, ಪಾಸು ಮೇಸ್ತ್ರಿಗೆ ಒಪ್ಪಿಸಿ ಆರು ತಿಂಗಳಾಗಿತ್ತು. ತನ್ನ ಹೆಸರಿನ ಚೀಟಿ ಕಟ್ಟಿದ್ದ ಹೆಣ ನೋಡಿ ಅವನು ಎರಡು ಹೆಜ್ಜೆ ಹಿಂದೆ ಸರಿದ. "ನಾನ ಗೌತಮ ರೀ. ನಾ ಜೀವಂತ ಅದೀನಿ," ಎಂದು ಬರೆದುಕೊಟ್ಟ. ಹನುಮೇಶ ಮೂರನೆಯ ದಿನ ಊರಿಗೆ ಬಂದ. ಅವ್ವನ ಕೈಯಿಂದ ಕಡೆಯ ನೀರೂ ಅಷ್ಟು ತಡವಾಗಿ ಬಿತ್ತು.

ಆಮೇಲಿನದು ಎಲ್ಲರೂ ಊಹಿಸಬಹುದಾದದ್ದೇ. ನಮ್ಮ ಪುಸ್ತಕದಲ್ಲಿ ಆ ಹೆಸರಿಲ್ಲ ಎಂದಿತು ಕಾರ್ಖಾನೆ. ಆ ಹುಡುಗ ಯಾರೋ ಗೊತ್ತೇ ಇಲ್ಲ ಎಂದ ಗುತ್ತಿಗೆದಾರ. ಇಎಸ್‌ಐ ವಿಮೆಯ ನಂಬರು ಮಾಡಿಸಿರಲಿಲ್ಲ, ಹಾಜರಿ ಗೌತಮನದು. ಶಾಹಜಾದಬಿ ಬರೆದ ಅರ್ಜಿಗಳು ಕಾರ್ಮಿಕ ಇಲಾಖೆಗೆ ಹೋದವು. ಗೌತಮನ ಹೇಳಿಕೆ ಇದ್ದುದಕ್ಕೆ ಕೇಸು ದಾಖಲಾಯಿತು. ವರ್ಷವಾಯಿತು, ಇನ್ನೂ ನಡೆದಿದೆ. ಹುಸೇನಪ್ಪ ತಾರೀಕಿಗೆ ತಾರೀಕಿಗೆ ಹೋಗಿ ಬರುತ್ತಾನೆ.

ಈ ಬೇಸಿಗೆಯಲ್ಲಿ ಅನುಸೂಯಾ ಪಿಯುಸಿ ಮುಗಿಸಿದಳು. ಒಂದು ಮುಂಜಾನೆ ನೀರು ತುಂಬುತ್ತ, "ಯವ್ವಾ, ನಾ ತರಬೇತಿಗೆ ಹೆಸರು ಕೊಡ್ತೀನಿ," ಎಂದಳು.

ಹಂಪವ್ವ ಕೈಯಲ್ಲಿದ್ದ ಕೊಡವನ್ನು ನೆಲಕ್ಕೆ ಕುಕ್ಕಿದಳು. "ಒಬ್ಬನ್ನ ನುಂಗಿದ್ದು ಸಾಕಾಗಿಲ್ಲೇನು ಅದಕ್ಕ? ನಿನ್ನ ಕಾಲ ಮುರಿದು ಕುಂಡರಸ್ತೀನಿ, ಅಲ್ಲಿಗೆ ಕಳಸಂಗಿಲ್ಲ!"

ಮಗಳು ಶಾಹಜಾದಬಿಯನ್ನು ಕರೆತಂದಳು. ಆಕೆ ಹಂಪವ್ವನ ಪಕ್ಕ ಬಂದು ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು: "ಯಕ್ಕಾ, ನೀ ಕಳಸಬ್ಯಾಡ. ಆದ್ರ ಒಂದ ಸಲ ಬಂದು ಕಣ್ಣಿಂದ ನೋಡು. ನೋಡಿ ಬ್ಯಾಡ ಅನ್ನು, ನಾ ಮತ್ತ ಕೇಳಂಗಿಲ್ಲ."

ಮೂವರೂ ಕೊಪ್ಪಳದ ತರಬೇತಿ ಕೇಂದ್ರಕ್ಕೆ ಹೋದರು. ಕಲಿಸುವಾಕೆ ಹೇಮಾವತಿ ಎಂಬ ಹೆಣ್ಣುಮಗಳು, ಕಾಲಿಗೆ ಬೂಟು, ತಲೆಗೆ ಹಳದಿ ಹೆಲ್ಮೆಟ್. ಅಲ್ಲಿ ಕಲಿಯುವವರಿಗೆಂದೇ ಇಟ್ಟ ಚಿಕ್ಕ ಬೆಲ್ಟೊಂದು ಗಡಗಡ ಓಡುತ್ತಿತ್ತು. ಆ ಸದ್ದಿಗೆ ಹಂಪವ್ವ ಬಾಗಿಲಲ್ಲೇ ನಿಂತಳು.

"ಒಳಗ ಬರ್ರಿ ಅಮ್ಮಾರ," ಎಂದಳು ಹೇಮಾವತಿ. "ಮೊದಲನೇ ದಿನ ನಾವು ಕಲಸೋದು ಇದೊಂದ. ಬೆಲ್ಟ್ ಓಡೋ ಮುಂದ ಕೈ ಹಾಕಬಾರದು. ಏನರ ಆತು ಅಂದ್ರ ಬಾಜೂಕ ಐತಲ್ಲ, ಈ ಹಗ್ಗ ಜಗ್ಗಬೇಕು."

ಬೆಲ್ಟಿನ ಉದ್ದಕ್ಕೂ, ಕೈಗೆಟಕುವ ಎತ್ತರದಲ್ಲಿ ಒಂದು ಕೆಂಪು ಹಗ್ಗ ಬಿಗಿದಿತ್ತು.

"ನಾ ಜಗ್ಗಲೇನು?" ಎಂದು ಹಂಪವ್ವ ಕೇಳಿದಳು. ಜಗ್ಗಿದಳು. ಬೆಲ್ಟು ನಿಂತುಬಿಟ್ಟಿತು.

"ಇಂಥಾ ಹಗ್ಗ ಆ ಕಾರ್ಖಾನ್ಯಾಗೂ ಇರತೈತೇನಬೇ?"

ಆಕೆ ಯಾರೆಂದು ಶಾಹಜಾದಬಿ ಹೇಮಾವತಿಗೆ ಮೊದಲೇ ಹೇಳಿದ್ದಳು. ಸುಳ್ಳು ಹೇಳಲಿಲ್ಲ. "ಇರತೈತ್ರಿ. ಅಲ್ಲೂ ಇತ್ತು."

"ನನ್ನ ಮಗಗ ಯಾರೂ ಹೇಳಿದ್ದಿಲ್ಲ," ಎಂದಳು ಹಂಪವ್ವ. ಹಗ್ಗದಿಂದ ಕೈ ತೆಗೆದು, "ಫಾರಂ ಮನೀತನಾ ಬಂದಿತ್ತು. ನಾನ ಹೆಸರು ಬರಸಲಿಲ್ಲ," ಎಂದಳು. ಶಾಹಜಾದಬಿ ಅವಳ ಬೆನ್ನ ಮೇಲೆ ಕೈಯಿಟ್ಟಳು. "ಎಲ್ಲಾ ತಪ್ಪು ನಿನ್ನ ತಲಿಮ್ಯಾಗ ಹೊತ್ಕೋಬ್ಯಾಡ ಯಕ್ಕಾ. ಸುಳ್ಳು ಪಾಸು ಕೊಟ್ಟಾಂವ ಒಬ್ಬ, ಕಲಸಲಾರದ ಕೆಲಸಕ್ಕ ಹಚ್ಚಿದಾವ ಒಬ್ಬ. ಅವರನ್ನ ಕೇಳೂಣು."

ಹಂಪವ್ವ ಮಗಳ ಫಾರಂ ತರಿಸಿಕೊಂಡಳು. ಓದಿಸಿ ಕೇಳಿದಳು, ಒಂದು ಸಲವಲ್ಲ, ಎರಡು ಸಲ. ಅನುಸೂಯಾಳ ಹೆಸರು, ಹುಟ್ಟಿದ ತಾರೀಕು, ಫೋಟೊ ಸರಿಯಾಗಿವೆಯೇ ಎಂದು ಒಂದೊಂದರ ಮೇಲೂ ಬೆರಳಿಟ್ಟು ಕೇಳಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದು ಗೋಡೆಗೆ ಒರಗಿ ಅತ್ತಳು.

ಮುಂದಿನ ಗ್ರಾಮಸಭೆಯಲ್ಲಿ ಹಂಪವ್ವ ಮೊದಲ ಬಾರಿ ಎದ್ದು ನಿಂತಳು. "ಹೊಲ ಕೊಟ್ಟ ಮನಿ ಅರವತ್ತರ ಮ್ಯಾಲ ಅದಾವು. ತರಬೇತಿಗೆ ಹೋದಾವರು ಒಂಬತ್ತು ಮಂದಿ. ಉಳಿದ ಮಕ್ಕಳು ಯಾರ ಹೆಸರಿನ ಮ್ಯಾಲ ಒಳಗ ಹೋಗಾಕ ಹತ್ಯಾರ, ಬರಕೊಂಡು ಬರ್ರಿ ಸಾಹೇಬ್ರ," ಎಂದಳು. ಆ ಮಾತು ಠರಾವು ಪುಸ್ತಕಕ್ಕೆ ಹೋಯಿತು. ಆ ವಾರವೇ ನಾಲ್ವರು ಹುಡುಗರು ಬೇರೆಯವರ ಪಾಸು ತಂದು ಶಾಹಜಾದಬಿಯ ಮೇಜಿನ ಮೇಲಿಟ್ಟರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರ ಪಕ್ಕದಲ್ಲೂ ಗಣಿ, ಕಾರ್ಖಾನೆ ಬಂದಿರಬಹುದು. ಕೆಲಸ ಬೇಕು, ನಿಜ. ಆದರೆ ಇನ್ನೊಬ್ಬರ ಪಾಸಿನಲ್ಲಿ ಮಕ್ಕಳನ್ನು ಒಳಗೆ ಕಳಿಸಬೇಡಿ. ತನ್ನ ಹೆಸರಿನ ಪಾಸು, ಕೆಲಸದ ಆದೇಶಪತ್ರ, ಇಎಸ್‌ಐ ನಂಬರು ಕೈಗೆ ಬರಲಿ. ಮಷಿನ್ನು ನಿಲ್ಲಿಸುವುದು ಹೇಗೆಂದು ಕಲಿಸದೆ ಅದರ ಹತ್ತಿರ ನಿಲ್ಲಿಸಿದರೆ, ಒಲ್ಲೆ ಎನ್ನುವ ಹಕ್ಕು ನಿಮಗಿದೆ. ಹೆಣ್ಣುಮಕ್ಕಳಿಗೂ ಈ ತರಬೇತಿಯಲ್ಲಿ ಜಾಗವಿದೆ.

ನಾಳೆಯೇ ಪಂಚಾಯಿತಿಗೆ ಹೋಗಿ. ತರಬೇತಿ ಯಾವಾಗ, ನಮ್ಮೂರಿಗೆ ಎಷ್ಟು ಜಾಗ ಎಂದು ಕೇಳಿ. ಉತ್ತರ ಬಾಯಿಮಾತಿನಲ್ಲಿ ಬಂದರೆ ಎದ್ದು ಬರಬೇಡಿ. ಬರೆದು ಕೊಡಿ ಎನ್ನಿ.