ಹಿಂದಿನ ಮೂರು

"ಈ ಗಾಡಿ ಗುಡ್ಡ ಹತ್ತಲ್ಲ ಅತ್ತಿಗೆ. ಅರ್ಧ ದಾರೀಲಿ ಕೈ ಕೊಡ್ತದೆ, ಆಮೇಲೆ ಅಣ್ಣನ್ನ ನಾವೇ ಹೊತ್ಕೊಂಡು ಹೋಗ್ಬೇಕಾಗ್ತದೆ," ಎಂದ ಲೋವೆಲ್, ಬಾನೆಟ್ಟಿನ ಕೆಳಗಿಂದ ತಲೆ ಎತ್ತದೆ.

ಚರ್ಚಿನ ಅಂಗಳದಲ್ಲಿ ಮಿನಿವ್ಯಾನು ಚಳಿಜ್ವರ ಬಂದವರಂತೆ ನಡುಗುತ್ತ ನಿಂತಿತ್ತು. ಹಿಂದಿನ ಸೀಟುಗಳನ್ನು ಕಳಚಿ ನೆಲಕ್ಕೆ ಕೌದಿ ಹಾಸಿತ್ತು. ಪ್ರಾರ್ಥನೆ ಮುಗಿದಿತ್ತು. ಚರ್ಚಿನೊಳಗೆ ಪೆಟ್ಟಿಗೆಯಲ್ಲಿ ಓಮಾಳ ಗಂಡ ಡೆನ್ಜಿಲ್ ಮಲಗಿದ್ದ. ಮಂಗಳವಾರ ರಾತ್ರಿ ಊಟ ಮಾಡಿ ಮಲಗಿದವನು ಬೆಳಿಗ್ಗೆ ಎದ್ದಿರಲಿಲ್ಲ.

ಕೆಂಟಕಿಯ ಆ ಕಣಿವೆಯವರು ಸತ್ತವರನ್ನು ಗುಡ್ಡದ ನೆತ್ತಿಯಲ್ಲೇ ಮಣ್ಣು ಮಾಡುತ್ತಾರೆ. ಶವ ಒಯ್ಯಲು ಪೇಟೆಯಿಂದ ಬರುವ ಉದ್ದನೆಯ ಕರಿ ಕಾರು ಬುಡದವರೆಗೆ ಮಾತ್ರ. ಮೇಲಿನ ದಾರಿಯಲ್ಲಿ ಅದರ ಹೊಟ್ಟೆ ಕಲ್ಲಿಗೆ ತಾಗುತ್ತದೆ. ಅಲ್ಲಿಂದಾಚೆ ಎಷ್ಟೋ ವರ್ಷಗಳಿಂದ ಎಲ್ಲರನ್ನೂ ಮೇಲೆ ಮುಟ್ಟಿಸುತ್ತಿದ್ದುದು ಈ ವ್ಯಾನೇ. ಡೆನ್ಜಿಲ್ ಸ್ಪ್ರಿಂಗು ಬದಲಿಸಿ ಅದನ್ನು ನಾಲ್ಕು ಬೆರಳು ಎತ್ತರಿಸಿದ್ದ.

"ನನ್ನ ಟ್ರಕ್ಕಲ್ಲಿ ಒಯ್ಯೋಣ. ಟಾರ್ಪಾಲ್ ಹೊದಿಸಿದ್ರಾಯ್ತು. ಮೋಡ ಬೇರೆ ಕಟ್ತಿದೆ, ನೋಡು."

"ಬೇಡ," ಎಂದಳು ಓಮಾ.

"ಹಠ ಮಾಡ್ಬೇಡ ಅತ್ತಿಗೆ."

"ಲೋವೆಲ್, ಊರವರನ್ನೆಲ್ಲ ಸೂರಿನ ಕೆಳಗೆ ಒಯ್ದವನು ನಿಮ್ಮಣ್ಣ. ಅವನನ್ನೇ ಸೌದೆ ಹೇರಿದ ಹಾಗೆ ಹೇರ್ಕೊಂಡು ಹೋಗೋದಾ?"

ಲೋವೆಲ್ ಮತ್ತೆ ಬಾನೆಟ್ಟಿನ ಕೆಳಗೆ ಬಗ್ಗಿದ. ಟಾರ್ಪಾಲಿನ ಕತೆ ಅವನಿಗೂ ಗೊತ್ತಿತ್ತು.

*

ವರ್ಷಗಳ ಹಿಂದೆ ಅಣ್ಣತಮ್ಮಂದಿರ ತಾಯಿಯನ್ನು ಗುಡ್ಡಕ್ಕೆ ಒಯ್ದದ್ದು ತೆರೆದ ಟ್ರಕ್ಕಿನಲ್ಲಿ. ಅರ್ಧ ಗುಡ್ಡಕ್ಕೆ ಮಳೆ ಹಿಡಿಯಿತು. ಗಾಳಿಗೆ ಟಾರ್ಪಾಲು ಹಾರಿಹೋಗಿ ಮರಕ್ಕೆ ಸಿಕ್ಕಿಕೊಂಡಿತು. ಪೆಟ್ಟಿಗೆಯ ಮುಚ್ಚಳದ ಮೇಲೆ ಹನಿಗಳು ತಮಟೆ ಬಡಿದಂತೆ ಬಡಿದವು. ಡೆನ್ಜಿಲ್ ತನ್ನ ಕೋಟು ಬಿಚ್ಚಿ ಹೊದಿಸಿ, ಅದರ ಮೇಲೆ ತಾನೇ ಅಡ್ಡಬಿದ್ದಿದ್ದ.

ಸಂಜೆ ಒಲೆಯ ಮುಂದೆ ಕೂತು ಒಂದೇ ಮಾತು ಆಡಿದ. "ಅವ್ವಂಗೆ ಮಳೇಲಿ ನೆನೆಯೋದಂದ್ರೆ ಆಗ್ತಿರ್ಲಿಲ್ಲ ಓಮಾ."

ಮುಂದಿನ ತಿಂಗಳೇ ಹಳೆಯ ಮಿನಿವ್ಯಾನೊಂದನ್ನು ಮನೆಗೆ ತಂದ. ಅವನ ಜೊತೆ ಸ್ಕೂಲ್ ಬಸ್ಸುಗಳ ರಿಪೇರಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಕ್ಕಳನ್ನ ಶಾಲೆಗೆ ಬಿಡೋ ಹೆಂಗಸರ ಗಾಡಿ ನಿನಗ್ಯಾಕಯ್ಯಾ?"

"ಸೂರಿದೆ," ಎಂದಿದ್ದ ಡೆನ್ಜಿಲ್.

*

"ಇದರ ಆರು ಸ್ಪಾರ್ಕ್ ಪ್ಲಗ್ಗಲ್ಲಿ ಮುಂದಿನ ಮೂರೂ ಹೊಸವು," ಎಂದ ಲೋವೆಲ್ ಇಂಜಿನ್ ನಿಲ್ಲಿಸಿ. "ತೊಂದರೆ ಇರೋದು ಹಿಂದಿನ ಮೂರರಲ್ಲಿ. ಅವು ಕ್ಯಾಬಿನ್ ಗೋಡೆಗೆ ಮುಖ ಮಾಡ್ಕೊಂಡು ಅವಿತ್ಕೊಂಡಿವೆ. ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ. ಅಣ್ಣ ಅವನ್ನ ಮುಟ್ಟಿಲ್ಲ ಅನ್ಸುತ್ತೆ."

"ಅದ್ಹೇಗಾಗುತ್ತೆ ಚಿಕ್ಕಪ್ಪ?" ಎಂದಳು ಮಗಳು ಟ್ರೀನಾ. "ಆರೂ ಬದಲಾಯಿಸ್ದೆ ಅಂತ ಅಪ್ಪ ಏಪ್ರಿಲಲ್ಲೇ ಹೇಳಿದ್ರಲ್ಲ?"

ಲೋವೆಲ್ ಡ್ರೈವರ್ ಸೀಟಿನ ಕೆಳಗಿನಿಂದ ಉಪಕರಣದ ಪೆಟ್ಟಿಗೆ ಎಳೆದ. ಅದರಲ್ಲಿ ಹೊಸ ಪ್ಲಗ್ಗುಗಳ ಡಬ್ಬಿ ಇತ್ತು. ಪೊಟ್ಟಣ ಒಡೆಯದ ಎರಡು ಪ್ಲಗ್ಗುಗಳು ಅಂಗೈಗೆ ಬಿದ್ದವು. ಓಮಾ ಅವನ್ನು ನೋಡುತ್ತ ನಿಂತಳು. ಮುಂದಿನ ಮೂರು ಬದಲಿಸಿ 'ಆರೂ ಆಯ್ತು' ಅನ್ನುವ ಹೆದ್ದಾರಿ ಪಕ್ಕದ ರಿಪೇರಿ ಅಂಗಡಿಯವರನ್ನು ಡೆನ್ಜಿಲ್ ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಸುಳ್ಳು ಹೇಳಲು ಅವನಿಗೆ ಹೆಂಡತಿಯನ್ನು ಬಿಟ್ಟರೆ ಬೇರೆ ಯಾರೂ ಸಿಗಲಿಲ್ಲವೇ ಎಂದುಕೊಂಡಳು. ಅವನು ಸತ್ತ ದಿನವೂ ಅವಳಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ.

*

ಆ ಏಪ್ರಿಲ್ ದಿನ ಅವಳು ಎಂದಿನಂತೆ ಬ್ಯಾಟರಿ ದೀಪ ಹಿಡಿದುಕೊಂಡು ಮನೆ ಪಕ್ಕದ ಶೆಡ್ಡಿಗೆ ಹೋಗಿದ್ದಳು. ಮದುವೆಯಾದಾಗಿನಿಂದ ಸಂಜೆ ಸಂಜೆ ದೀಪ ಹಿಡಿಯುವುದು ಅವಳ ಕೆಲಸ. ಡೆನ್ಜಿಲ್ ಇಂಜಿನ್ನಿಗೆ ಕೌದಿ ಹೊದಿಸಿ, ಅದರ ಮೇಲೆ ಬೋರಲಾಗಿ ಮಲಗಿ, ಕಣ್ಣು ಮುಚ್ಚಿಕೊಂಡು ಕೈ ಇಳಿಬಿಡುತ್ತಿದ್ದ. ಕೈ ಏನು ಮಾಡುತ್ತಿದೆಯೆಂದು ಬಾಯಿ ಹೇಳುತ್ತಲೇ ಇರುತ್ತಿತ್ತು. "ಪ್ಲಗ್ಗಿನ ಟೋಪಿ ತಿರುಗಿಸಿ ಎಳೆದೆ... ಈಗ ರಬ್ಬರ್ ಪೈಪಿನ ತುಂಡಿಗೆ ಹೊಸ ಪ್ಲಗ್ ಸಿಕ್ಕಿಸಿ ತಿರುಗಿಸ್ತೀನಿ... ತಿರುಪಿನ ಹಲ್ಲು ಹಿಡಿದು ಕೂತ್ಕೊಂಡ್ರೆ ರಬ್ಬರ್ ತಾನೇ ಜಾರ್ತದೆ. ಜಾರಿದ್ರೆ ಸಾಕು ಅಂತ ಲೆಕ್ಕ ಓಮಾ, ಆಮೇಲೆ ಪಾನಾ ಹಾಕಿ ಬಿಗಿಯೋದು."

ಆ ದಿನ ಮಾತ್ರ, "ದೀಪ ಬೇಡ. ನೀನು ಹೋಗಿ ಒಲೆ ಮೇಲಿನ ಬೀನ್ಸ್ ನೋಡು," ಎಂದ.

ಅವನು ಮನೆಯೊಳಗೆ ಬಂದಾಗ ಕತ್ತಲಾಗಿತ್ತು. ಗೆಣ್ಣುಗಳೆಲ್ಲ ತರಚಿಹೋಗಿದ್ದವು. "ಆಯ್ತಾ?" ಎಂದಳು. "ಆರೂ ಆಯ್ತು," ಎಂದ. ಮರುದಿನವೆಲ್ಲ ಆ ರಬ್ಬರ್ ತುಂಡಿಗಾಗಿ ಹುಡುಕಾಡಿದ. ಭಾನುವಾರ ಚರ್ಚಿಗೆ ಹೊರಡುವಾಗ ಶರ್ಟಿನ ತೋಳು ಮುಂದೆ ಚಾಚಿ ನಿಂತ. ಗುಂಡಿ ಹಾಕಿಸಿಕೊಳ್ಳುವುದು ಯಾವಾಗ ರೂಢಿಯಾಯಿತೋ ಇಬ್ಬರಿಗೂ ನೆನಪಿರಲಿಲ್ಲ. ಬೆರಳುಗಳು ಶುಂಠಿಯ ಹಾಗೆ ಉಬ್ಬಿದ್ದವು. ಅವಳು ಗುಂಡಿ ಹಾಕಿದಳು, ಅವನು ಕಿಟಕಿಯಾಚೆ ನೋಡಿದ.

*

"ನಾನೇ ಹಾಕ್ತೀನಿ," ಎಂದಳು ಓಮಾ.

"ನೀನಾ? ದೀಪ ಹಿಡಿಯೋದೂ ಪ್ಲಗ್ ಬದಲಿಸೋದೂ ಒಂದೇನಾ ಅತ್ತಿಗೆ?"

"ನಿನ್ನ ಕೈ ನೋಡ್ಕೋ. ಹಂದಿ ತೊಡೆ ಇದ್ದಂಗಿದೆ. ಅದು ಅಲ್ಲಿ ಹೋಗುತ್ತಾ?"

ಇಂಜಿನ್ ಆರಬೇಕಿತ್ತು, ಬಿಸಿಯಿರುವಾಗ ಪ್ಲಗ್ ಬಿಚ್ಚಿದರೆ ತಿರುಪಿನ ಹಲ್ಲು ಕಿತ್ತುಬರುತ್ತದೆ. ಮೇಲೆ ಗುಂಡಿ ತೋಡಿ ಕಾಯುತ್ತಿದ್ದವರಿಗೆ ಹೇಳಿಕಳಿಸಿದರು. ಪಾದ್ರಿ ಹಾರ್ಗಿಸ್ ಗಡಿಯಾರ ನೋಡಿಕೊಂಡು, ನೋಡಲಿಲ್ಲವೆಂಬಂತೆ ತೋಳು ಇಳಿಸಿದರು. ಮಣ್ಣಾದ ಮೇಲೆ ಬಡಿಸಬೇಕೆಂದಿದ್ದ ಕರಿದ ಕೋಳಿ, ಜೋಳದ ರೊಟ್ಟಿ ಹೊರಗೆ ಬಂದವು.

"ರಿಪೇರಿಗೆ ಬಿಟ್ಟ ಗಾಡಿ ಕೇಳೋಕೆ ಹೋದ್ರೆ ಯಾವತ್ತೂ 'ನಾಳೆ ಬಾ' ಅಂತಿದ್ದ," ಎಂದಳು ಮುದುಕಿ ವರ್ಡಿ, ಕೋಳಿಯ ಕಾಲು ಕಡಿಯುತ್ತ. "ಇವತ್ತೂ ಕಾಯಿಸ್ತಿದ್ದಾನೆ ನೋಡು ಪುಣ್ಯಾತ್ಮ."

ನಗು ಎದ್ದು ಅರ್ಧಕ್ಕೇ ನಿಂತಿತು. ಓಮಾ ನಕ್ಕದ್ದು ಕಂಡ ಮೇಲೆ ಪೂರ್ತಿಯಾಯಿತು.

ಇಂಜಿನ್ ಆರಿದಾಗ ಓಮಾ ಮದುವೆಯ ಉಂಗುರ ಕಳಚಿ ಟ್ರೀನಾಳ ಕೈಗಿಟ್ಟಳು. ಪಾದ್ರಿಯ ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡಳು.

"ಅಯ್ಯೋ, ಮಣ್ಣಾಗೋಕೆ ಮುಂಚೇನೇ..."

"ಉಂಗುರ ಹಾಕ್ಕೊಂಡು ಕೈ ಹಾಕಿದ್ರೆ ಕರೆಂಟ್ ಹಿಡೀತದೆ," ಎಂದಳು ಓಮಾ. "ಅವನೇ ಹೇಳ್ತಿದ್ದದ್ದು."

ಕೌದಿ ಹಾಸಿ, ಕರಿ ಉಡುಪಿನಲ್ಲೇ ಇಂಜಿನ್ನಿನ ಮೇಲೆ ಬೋರಲಾದಳು. ಕಣ್ಣು ಮುಚ್ಚಿದಳು. ಕಬ್ಬಿಣದ ಸಂದಿಯಲ್ಲಿ ಕೈ ಮಣಿಕಟ್ಟು ದಾಟಿ, ಮೊಣಕೈವರೆಗೂ ಇಳಿಯಿತು. ಮೊದಲನೆಯದರ ಟೋಪಿ ಬೆರಳಿಗೆ ಸಿಕ್ಕಿತು. ಅದರ ಬಾಯಲ್ಲಿ ಮೆತ್ತನೆಯ ಗ್ರೀಸು. ಡೆನ್ಜಿಲ್ ಹೊಸ ಪ್ಲಗ್ ಹಾಕಿದರೆ ತಪ್ಪದೆ ಹಚ್ಚುತ್ತಿದ್ದುದು ಅದು.

"ಇದು ಹೊಸದು," ಎಂದಳು.

"ಹಿಂದಿನದಾ?" ಲೋವೆಲ್ ಬಗ್ಗಿದ. "ಆ ಕೈಲಿ?"

ಅವಳ ಕೈ ಇನ್ನೂ ಒಳಕ್ಕೆ ಹೋಯಿತು. ಎರಡನೆಯದರ ಕಡೆ ಸರಿಯುತ್ತಿದ್ದ ಬೆರಳಿಗೆ ತಂತಿಗಳ ನಡುವೆ ಬೇರೇನೋ ತಾಗಿತು. ಹಿಡಿದು ಮೇಲೆ ತಂದಳು. ಒಂದು ಗೇಣು ರಬ್ಬರ್ ಪೈಪು. ಹಿಡಿತಕ್ಕೆಂದು ಅವನೇ ಸುತ್ತಿದ ನೀಲಿ ಪಟ್ಟಿ ಇನ್ನೂ ಅದರ ತುದಿಯಲ್ಲಿತ್ತು.

ಲೋವೆಲ್ ಅದನ್ನು ನೋಡಿದ, ಅತ್ತಿಗೆಯನ್ನು ನೋಡಿದ. "ಇಲ್ಲೇ ಬಿದ್ದಿತ್ತಾ?"

"ಕೈಯಿಂದ ಜಾರಿದೆ. ಎತ್ಕೊಳ್ಳೋಕೆ ಆಗಿಲ್ಲ." ರಬ್ಬರನ್ನು ಕರಿ ಉಡುಪಿಗೆ ಒರೆಸುತ್ತ, "ಕರೆದಿದ್ರೆ ಬರ್ತಿದ್ದೆ," ಎಂದಳು. "ಟ್ರೀನಾ, ದೀಪ ಹಿಡಿಯಮ್ಮ."

"ಒಳಗೆ ಏನೂ ಕಾಣಲ್ಲವಲ್ಲಮ್ಮ?"

"ಕಾಣದಿದ್ರೂ ಹಿಡಿ."

ಉಳಿದೆರಡು ಹಳೆಯ ಪ್ಲಗ್ಗುಗಳು ಸುಲಭಕ್ಕೆ ಬಿಡಲಿಲ್ಲ. ಗೆಣ್ಣು ತರಚಿತು. ಎರಡು ಸಲ ಪಾನಾ ಜಾರಿತು. ಊಟಕ್ಕೆ ಕೂತವರು ಎದ್ದುಬಂದು ಸುತ್ತ ನಿಂತರು. ಕೊನೆಯ ಹೊಸ ಪ್ಲಗ್ಗನ್ನು ರಬ್ಬರಿಗೆ ಸಿಕ್ಕಿಸಿ ಕತ್ತಲೊಳಗೆ ಇಳಿಸಿ, ಎರಡೇ ಬೆರಳಲ್ಲಿ ತಿರುಗಿಸಿದಳು. ತಿರುಗಿತು, ತಿರುಗಿತು, ಆಮೇಲೆ ರಬ್ಬರ್ ನಿಧಾನವಾಗಿ ಅವಳ ಬೆರಳುಗಳ ನಡುವೆ ಜಾರಿತು.

"ಸಾಕು," ಎಂದಳು, ಯಾರಿಗೆಂದು ಹೇಳದೆ. "ಪಾನಾ ಕೊಡು."

ಇಂಜಿನ್ ಚಾಲೂ ಆದಾಗ ಲೋವೆಲ್ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತ, ಮೂಗು ಸೀಟಿಕೊಂಡ, ಆಮೇಲೆ ಪೆಟ್ಟಿಗೆಗೆ ಹೆಗಲು ಕೊಡಲು ಚರ್ಚಿನೊಳಗೆ ಹೋದ.

ಓಮಾಳೇ ಓಡಿಸಿದಳು. ಪಕ್ಕದಲ್ಲಿ ಲೋವೆಲ್, ಹಿಂದೆ ಕೌದಿಯ ಮೇಲೆ ಡೆನ್ಜಿಲ್.

"ಕೈ ಆದ್ರೂ ಒರೆಸ್ಕೋಬಾರ್ದಾ ಅತ್ತಿಗೆ?"

"ಇರ್ಲಿ ಬಿಡು. ಅವನಿಗೇನು ಹೊಸದಾ?"

ಕಡಿದಾದ ತಿರುವಿನಲ್ಲಿ ಮೊದಲ ಹನಿಗಳು ಸೂರಿನ ಮೇಲೆ ಬಿದ್ದವು. ಇಂಜಿನ್ನಿನ ಸದ್ದು ಎಷ್ಟು ಸಮವಾಗಿತ್ತೆಂದರೆ ಒಂದೊಂದು ಹನಿಯೂ ಬೇರೆ ಬೇರೆಯಾಗಿ ಕೇಳಿಸಿತು. ಆಮೇಲೆ ಮಳೆ ಜೋರಾಗಿ ಹಿಡಿಯಿತು. ಓಮಾ ದಾರಿಯಿಂದ ಕಣ್ಣು ತೆಗೆಯದೆ, ಎಣ್ಣೆಗೈಯನ್ನು ಹಿಂದಕ್ಕೆ ಚಾಚಿ ಕೌದಿಯ ಅಂಚನ್ನು ಮುಟ್ಟಿ ನೋಡಿದಳು. ಒಣಗಿಯೇ ಇತ್ತು.